ಮೋಟರ್‌ಹೋಮ್‌ನಲ್ಲಿ ಮನೆಯ ಫ್ರಿಜ್ಜನ್ನು ಬ್ಯಾಟರಿಯ ಮೇಲೆ ನಡೆಸುವ ಕ್ರಮ

ಟೆಂಪೋ ಟ್ರಾವೆಲರ್‌ನಂಥ ವಾಹನವನ್ನು ಕುಟುಂಬದ ಪ್ರವಾಸಕ್ಕೆಂದು ಮೋಟರ್‌ಹೋಮ್ ಆಗಿ ಮಾಡಿಸಿಕೊಳ್ಳುವವರಿಗೆ ಮಂಚ, ಒಲೆ, ನೀರಿನ ಟ್ಯಾಂಕುಗಳ ವಿಷಯ ಬೇಗ ಇತ್ಯರ್ಥವಾಗುತ್ತದೆ. ಫ್ರಿಜ್ಜಿನ ವಿಷಯ ಬಂದಾಗ ಮಾತ್ರ ಕೆಲಸ ನಿಲ್ಲುತ್ತದೆ. ವಾಹನಗಳಿಗೆಂದೇ ತಯಾರಾದ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜುಗಳು ಒಳ್ಳೆಯವೇ. ಆದರೆ ನಮ್ಮಲ್ಲಿ ಅವುಗಳಿಗೆ ಬೆಲೆ ಹೆಚ್ಚು, ಒಳಗಿನ ಜಾಗ ಕಡಿಮೆ, ಕೆಟ್ಟರೆ ಬಿಡಿಭಾಗಕ್ಕೆ ಕಾಯಬೇಕು. ಮನೆಯಲ್ಲಿ ಬಳಸುವ 180–190 ಲೀಟರಿನ, ಒಂದೇ ಬಾಗಿಲಿನ ಫ್ರಿಜ್ಜಾದರೋ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿಯೂ ಸಿಗುತ್ತದೆ, ಅದನ್ನು ರಿಪೇರಿ ಮಾಡುವವರೂ ಎಲ್ಲೆಡೆ ಇದ್ದಾರೆ. ಅಂಥ ಫ್ರಿಜ್ಜನ್ನು ಬ್ಯಾಟರಿ ಮತ್ತು ಇನ್ವರ್ಟರಿನ ಮೇಲೆ ಹಗಲಿರುಳು ನಡೆಸುವುದು ಸಾಧ್ಯ. ಆದರೆ ಬ್ಯಾಟರಿಯನ್ನು ಮೊದಲು ಕೊಂಡು ಆಮೇಲೆ ಲೆಕ್ಕ ಹಾಕುವ ಬದಲು, ಫ್ರಿಜ್ಜು ದಿನವೊಂದಕ್ಕೆ ನಿಜವಾಗಿ ಎಷ್ಟು ಕರೆಂಟ್ ತಿನ್ನುತ್ತದೆ ಎಂಬುದನ್ನು ಅಳೆದುಕೊಂಡು, ಉಳಿದೆಲ್ಲವನ್ನೂ ಆ ಅಳತೆಯಿಂದ ನಿರ್ಧರಿಸಬೇಕು. ಈ ಲೆಕ್ಕದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಬಾಬತ್ತುಗಳು ಎರಡು: ಇನ್ವರ್ಟರು ತನಗಾಗಿಯೇ ಬಳಸಿಕೊಳ್ಳುವ ವಿದ್ಯುತ್ತು ಮತ್ತು ನಿಂತ ವಾಹನದೊಳಗೆ ಏರುವ ಸೆಕೆ.

ವಿದೇಶಗಳ ಮೋಟರ್‌ಹೋಮ್‌ಗಳಲ್ಲಿ ದಶಕಗಳ ಕಾಲ ಇದ್ದದ್ದು ಗ್ಯಾಸಿನಿಂದಲೂ ನಡೆಯುವ ಅಬ್ಸಾರ್ಪ್ಶನ್ ಫ್ರಿಜ್ಜುಗಳು. ಸ್ವೀಡನ್ನಿನ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬಿಬ್ಬರು ವಿದ್ಯಾರ್ಥಿಗಳಾಗಿದ್ದಾಗಲೇ, 1922ರಲ್ಲಿ, ರೂಪಿಸಿದ ಈ ಯಂತ್ರದಲ್ಲಿ ಕಂಪ್ರೆಸರ್ ಇರುವುದಿಲ್ಲ. ಅಮೋನಿಯಾ ಮತ್ತು ನೀರು ಶಾಖದಿಂದಲೂ ಗುರುತ್ವಾಕರ್ಷಣೆಯಿಂದಲೂ ಸುತ್ತುತ್ತಿರುತ್ತವೆ. ಆದ್ದರಿಂದ ವಾಹನ ಸಮತಟ್ಟಾದ ಜಾಗದಲ್ಲಿ ನಿಲ್ಲದಿದ್ದರೆ ಅವು ಸರಿಯಾಗಿ ತಂಪು ಕೊಡುವುದಿಲ್ಲ. ಬ್ಯಾಟರಿಯ ಮೇಲೆ ನಡೆಸಿದರೆ ಹೀಟರ್ ಬಳಸುವ ಕಾರಣ ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತವೆ. ನಮ್ಮ ಬೇಸಿಗೆಗೆ ಅವು ಹೊಂದುವುದೂ ಕಷ್ಟ. ಲಿಥಿಯಂ ಬ್ಯಾಟರಿಗಳು ಕೈಗೆಟುಕುವಂತಾದ ಮೇಲೆ ಅಲ್ಲಿಯವರೂ ಮನೆಯ ಕಂಪ್ರೆಸರ್ ಫ್ರಿಜ್ಜಿನ ಕಡೆಗೆ ತಿರುಗಿದ್ದಾರೆ.

ಎಂಥ ಫ್ರಿಜ್ಜು ಆಗಬಹುದು

ಮನೆಯ ಫ್ರಿಜ್ಜುಗಳೆಲ್ಲ ಈ ಕೆಲಸಕ್ಕೆ ಒಂದೇ ರೀತಿಯಲ್ಲಿ ಒದಗುವುದಿಲ್ಲ. ಹಳೆಯ ಮಾದರಿಯ ಸಾಮಾನ್ಯ ಕಂಪ್ರೆಸರ್ ನಡೆಯುವಾಗ 100 ವ್ಯಾಟ್ ಆಸುಪಾಸಿನಲ್ಲಿ ಎಳೆಯುವಂಥದ್ದಾದರೂ, ಶುರುವಾಗುವ ಕ್ಷಣದಲ್ಲಿ, ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತು, ಅದರ ಹಲವು ಪಟ್ಟು ಕರೆಂಟನ್ನು ಬೇಡುತ್ತದೆ. 1000 ವ್ಯಾಟ್ ದಾಟುವುದೂ ಉಂಟು. ಇನ್ವರ್ಟರ್ ಕಂಪ್ರೆಸರ್ ಇರುವ ಫ್ರಿಜ್ಜು ಹಾಗಲ್ಲ. ಅದು ನಿಧಾನವಾಗಿ ವೇಗ ಹೆಚ್ಚಿಸಿಕೊಳ್ಳುತ್ತ ಶುರುವಾಗುತ್ತದೆ, ತಂಪಾದ ಮೇಲೆ ವೇಗ ತಗ್ಗಿಸಿಕೊಂಡು ಕಡಿಮೆ ವ್ಯಾಟಿನಲ್ಲಿ ಬಹಳ ಹೊತ್ತು ಓಡುತ್ತಿರುತ್ತದೆ. ಬ್ಯಾಟರಿಗೆ ಬೇಕಾದದ್ದು ಇಂಥ ಸ್ವಭಾವವೇ. ಫ್ರಿಜ್ಜಿನ ಮೇಲೆ ಬರೆದಿರುವ ಇನ್ವರ್ಟರ್ ಎಂಬ ಪದ ಕಂಪ್ರೆಸರಿಗೆ ಸಂಬಂಧಿಸಿದ್ದೇ ಹೊರತು ಬ್ಯಾಟರಿಗೆ ಜೋಡಿಸುವ ಇನ್ವರ್ಟರಿಗಲ್ಲ. ಆ ಫ್ರಿಜ್ಜಿಗೂ ಬೇರೆ ಇನ್ವರ್ಟರ್ ಬೇಕೇ ಬೇಕು.

ಎರಡನೆಯದಾಗಿ ಫ್ರಾಸ್ಟ್ ಫ್ರೀ ಫ್ರಿಜ್ಜೋ ಡೈರೆಕ್ಟ್ ಕೂಲ್ ಫ್ರಿಜ್ಜೋ ಎಂಬ ಪ್ರಶ್ನೆ. ಫ್ರಾಸ್ಟ್ ಫ್ರೀ ಮಾದರಿಯಲ್ಲಿ ಒಳಗೆ ಕಟ್ಟುವ ಹಿಮವನ್ನು ಕರಗಿಸಲು ಒಂದು ಹೀಟರ್ ಇರುತ್ತದೆ, ಗಾಳಿ ತಿರುಗಿಸಲು ಒಂದು ಫ್ಯಾನು ಇರುತ್ತದೆ. ಆ ಹೀಟರ್ ನೂರಾರು ವ್ಯಾಟಿನದು. ನಡುರಾತ್ರಿಯಲ್ಲಿ ಯಾರಿಗೂ ತಿಳಿಯದಂತೆ ಹತ್ತಿಪ್ಪತ್ತು ನಿಮಿಷ ಉರಿದು, ಆ ಶಾಖವನ್ನು ಮತ್ತೆ ಹೊರದಬ್ಬುವ ಕೆಲಸವನ್ನು ಕಂಪ್ರೆಸರಿಗೆ ಬಿಡುತ್ತದೆ. ಒಂದೇ ಬಾಗಿಲಿನ ಡೈರೆಕ್ಟ್ ಕೂಲ್ ಫ್ರಿಜ್ಜಿನಲ್ಲಿ ಇವೆರಡೂ ಇರುವುದಿಲ್ಲ. ಫ್ರೀಜರಿನಲ್ಲಿ ಕಟ್ಟಿದ ಹಿಮವನ್ನು ನಾವೇ ಗುಂಡಿ ಒತ್ತಿ ಕರಗಿಸಬೇಕು ಎಂಬುದೊಂದೇ ತೊಂದರೆ. ಮೋಟರ್‌ಹೋಮ್‌ಗೆ ಡೈರೆಕ್ಟ್ ಕೂಲ್ ಫ್ರಿಜ್ಜೇ ಸರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನಾಲ್ಕೈದು ಜನರ ಕುಟುಂಬಕ್ಕೆ 190 ಲೀಟರ್ ಧಾರಾಳವಾಗಿ ಸಾಕು.

ಮೂರನೆಯದಾಗಿ ಫ್ರಿಜ್ಜಿನ ಹಿಂಬದಿಯ ಅಥವಾ ಒಳಬದಿಯ ಫಲಕದಲ್ಲಿ ಹವಾಮಾನ ವರ್ಗವನ್ನು ಸೂಚಿಸುವ ಅಕ್ಷರವನ್ನು ನೋಡಿ. 'ಎನ್' ವರ್ಗದ ಫ್ರಿಜ್ಜು ಸುತ್ತಲಿನ ಉಷ್ಣತೆ 16ರಿಂದ 32 ಡಿಗ್ರಿ ಇರುವಲ್ಲಿಗೆ, 'ಎಸ್‌ಟಿ' ವರ್ಗದ್ದು 38 ಡಿಗ್ರಿಯವರೆಗೆ, 'ಟಿ' ವರ್ಗದ್ದು 43 ಡಿಗ್ರಿಯವರೆಗೆ ಸರಿಯಾಗಿ ಕೆಲಸ ಮಾಡಲೆಂದು ವಿನ್ಯಾಸಗೊಂಡಿರುತ್ತದೆ. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಹೊರಗಿನ ನೆರಳಿನಲ್ಲೇ 40 ಡಿಗ್ರಿ ದಾಟುವುದನ್ನು ನೆನೆದರೆ 'ಟಿ' ವರ್ಗಕ್ಕಿಂತ ಕಡಿಮೆಯದನ್ನು ಕೊಳ್ಳಬಾರದು. ಆ ಮೇಲೂ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ವಾಹನದೊಳಗೆ 50 ಡಿಗ್ರಿ ಮೀರಬಹುದು, ಅಂದರೆ ಯಾವ ಮನೆಯ ಫ್ರಿಜ್ಜೂ ಎದುರಿಸಲೆಂದು ತಯಾರಾಗದ ಸೆಕೆ ಅದು.

ಮೊದಲು ಅಳತೆ

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ, ಬಿಇಇ ಎಂಬ ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಅದನ್ನು 365ರಿಂದ ಭಾಗಿಸಿದರೆ ದಿನದ ಬಳಕೆ ಬರುತ್ತದೆ. ಉದಾಹರಣೆಗೆ 140 ಯೂನಿಟ್ ಎಂದಿದ್ದರೆ ದಿನಕ್ಕೆ ಸುಮಾರು 0.38 ಯೂನಿಟ್, ಅಂದರೆ 380 ವ್ಯಾಟ್-ಅವರ್. ಈ ಸಂಖ್ಯೆ ಎರಡು ಫ್ರಿಜ್ಜುಗಳನ್ನು ಹೋಲಿಸಲು ಬಹಳ ಉಪಯುಕ್ತ. ಆದರೆ ಅದು ಪ್ರಯೋಗಾಲಯದ ನಿಗದಿತ ಉಷ್ಣತೆಯಲ್ಲಿ ಪಡೆದದ್ದಾದ್ದರಿಂದ, ಮಕ್ಕಳು ಗಳಿಗೆಗೊಮ್ಮೆ ಬಾಗಿಲು ತೆಗೆಯುವ, ಬಿಸಿಲಿನಲ್ಲಿ ನಿಂತಿರುವ ವಾಹನಕ್ಕೆ ಅದನ್ನೇ ನೆಚ್ಚಿಕೊಂಡರೆ ಬ್ಯಾಟರಿ ಕೈಕೊಡುತ್ತದೆ. ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೆ ಹಿಡಿಯುವುದು ವಿವೇಕ.

ಇದಕ್ಕಿಂತ ಒಳ್ಳೆಯ ದಾರಿ, ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ಚಿಕ್ಕ ಎನರ್ಜಿ ಮೀಟರನ್ನು ತಂದು ನೀವೇ ಅಳೆಯುವುದು. ಫ್ರಿಜ್ಜನ್ನು ವಾಹನದೊಳಗೆ ಅದರ ಜಾಗದಲ್ಲಿ ಇರಿಸಿ, ಮನೆಯ ಕರೆಂಟಿಗೆ ಮೀಟರಿನ ಮೂಲಕ ಜೋಡಿಸಿ, ಪ್ರವಾಸದಲ್ಲಿ ಇಡುವಷ್ಟು ಸಾಮಾನನ್ನು ತುಂಬಿ, ಮೊದಲ ದಿನ ತಣ್ಣಗಾಗಲು ಬಿಟ್ಟು, ಎರಡನೆಯ ದಿನದ 24 ಗಂಟೆಗಳ ಲೆಕ್ಕವನ್ನು ಬರೆದುಕೊಳ್ಳಬೇಕು. ಸಾಧ್ಯವಾದರೆ ಬೇಸಿಗೆಯ ದಿನವನ್ನೇ ಆರಿಸಿಕೊಳ್ಳಿ. ಮಧ್ಯಾಹ್ನ ಎರಡು ಗಂಟೆಗೂ ಬೆಳಗಿನ ಜಾವ ಐದು ಗಂಟೆಗೂ ಮೀಟರಿನ ವ್ಯಾಟ್ ಎಷ್ಟಿದೆ, ಕಂಪ್ರೆಸರ್ ಎಷ್ಟು ಹೊತ್ತು ಓಡಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ಗಮನಿಸಿದರೆ, ಸೆಕೆಗೂ ಖರ್ಚಿಗೂ ಇರುವ ನಂಟು ಕಣ್ಣಿಗೇ ಕಾಣುತ್ತದೆ. ಮುಂದಿನ ಲೆಕ್ಕಕ್ಕೆ ದಿನಕ್ಕೆ 650 ವ್ಯಾಟ್-ಅವರ್ ಬಂತೆಂದು ಇಟ್ಟುಕೊಳ್ಳೋಣ.

ಇನ್ವರ್ಟರ್ ತಿನ್ನುವ ಪಾಲು

ಇನ್ವರ್ಟರ್ ಪ್ಯೂರ್ ಸೈನ್ ವೇವ್ ಬಗೆಯದು, ಅಂದರೆ ಮನೆಯ ಕರೆಂಟಿನಂಥ ನಯವಾದ ಅಲೆಯ ಕರೆಂಟ್ ಕೊಡುವಂಥದ್ದು, ಆಗಿರಬೇಕು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಸಾಮಾನ್ಯ ಕಂಪ್ರೆಸರ್ ಗುಂಯ್‌ಗುಡುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಫ್ರಿಜ್ಜಿಗಂತೂ ಅದನ್ನು ಜೋಡಿಸಲೇಬಾರದು. ಅಂಗಡಿಯವರು ಹೇಳುವುದು ವಿಎ (ವೋಲ್ಟ್-ಆಂಪಿಯರ್) ಲೆಕ್ಕ. ಅದು ವ್ಯಾಟ್ ಅಲ್ಲ. 900 ವಿಎ ಎಂದಿರುವ ಇನ್ವರ್ಟರ್ ಸಾಮಾನ್ಯವಾಗಿ 700 ವ್ಯಾಟ್ ಆಸುಪಾಸು ಕೊಡುವಂಥದ್ದು. ಇನ್ವರ್ಟರ್ ಕಂಪ್ರೆಸರಿನ ಫ್ರಿಜ್ಜೊಂದಕ್ಕೆ 500–600 ವ್ಯಾಟಿನದು ಸಾಕು, ಹಳೆಯ ಮಾದರಿಯ ಕಂಪ್ರೆಸರಾದರೆ ಕ್ಷಣಕಾಲ 2000 ವ್ಯಾಟ್ ತಡೆಯಬಲ್ಲ 1000 ವ್ಯಾಟಿನದು ಬೇಕು.

ಹಾಗಿದ್ದ ಮೇಲೆ ದೊಡ್ಡದನ್ನೇ ಹಾಕಿಬಿಡೋಣ, ಮಿಕ್ಸಿಗೂ ಆಯಿತು ಎಂದು ಅನ್ನಿಸುವುದು ಸಹಜ. ಇಲ್ಲಿಯೇ ಎಚ್ಚರ ಬೇಕಾದದ್ದು. ಇನ್ವರ್ಟರ್ ಆನ್ ಆಗಿದ್ದರೆ ಸಾಕು, ಏನೂ ಜೋಡಿಸದಿದ್ದರೂ, ಅದು 10ರಿಂದ 30 ವ್ಯಾಟ್ ತನಗಾಗಿಯೇ ಬಳಸಿಕೊಳ್ಳುತ್ತಿರುತ್ತದೆ. ಗಾತ್ರ ಹೆಚ್ಚಿದಷ್ಟೂ ಸಾಮಾನ್ಯವಾಗಿ ಈ ಪಾಲೂ ಹೆಚ್ಚು. ಫ್ರಿಜ್ಜಿಗಾಗಿ ಅದು ದಿನದ 24 ಗಂಟೆಯೂ ಆನ್ ಇರಬೇಕಾದ್ದರಿಂದ 15 ವ್ಯಾಟಾದರೆ ದಿನಕ್ಕೆ 360 ವ್ಯಾಟ್-ಅವರ್, 30 ವ್ಯಾಟಾದರೆ 720. ಅಂದರೆ ಫ್ರಿಜ್ಜಿಗಿಂತ ಅದಕ್ಕೆ ಕರೆಂಟ್ ಕೊಡುವ ಪೆಟ್ಟಿಗೆಯೇ ಹೆಚ್ಚು ತಿನ್ನುವ ಸ್ಥಿತಿಯೂ ಬರಬಹುದು. ಕೊಳ್ಳುವ ಮೊದಲು ನೋ-ಲೋಡ್ ಬಳಕೆ ಎಷ್ಟು ಎಂದು ಕೇಳಿ, ಉತ್ತರ ಸಿಗದಿದ್ದರೆ ಅಂಗಡಿಯಲ್ಲಿಯೇ ಬ್ಯಾಟರಿಯ ತಂತಿಗೆ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿ. 12 ವೋಲ್ಟಿನಲ್ಲಿ 1 ಆಂಪಿಯರ್ ತೋರಿಸಿದರೆ 12 ವ್ಯಾಟ್, 2 ಆಂಪಿಯರಿಗೆ 24 ವ್ಯಾಟ್. ಫ್ರಿಜ್ಜಿಗೆ ಚಿಕ್ಕದೊಂದು ಪ್ರತ್ಯೇಕ ಇನ್ವರ್ಟರನ್ನೂ, ಮಿಕ್ಸಿ ಮುಂತಾದವುಗಳಿಗೆ ಬೇಕಾದಾಗಷ್ಟೇ ಆನ್ ಮಾಡುವ ದೊಡ್ಡದನ್ನೂ ಇಡುವುದು ಕಡೆಗೆ ಬ್ಯಾಟರಿಯಲ್ಲಿ ಉಳಿತಾಯವೇ ಆಗುತ್ತದೆ.

ಕೆಲವು ಇನ್ವರ್ಟರುಗಳಲ್ಲಿ ಲೋಡ್ ಇಲ್ಲದಾಗ ಮಲಗಿ, ಕೆಲವು ಸೆಕೆಂಡಿಗೊಮ್ಮೆ ಎದ್ದು ನೋಡುವ ಸರ್ಚ್ ಮೋಡ್ ಇರುತ್ತದೆ. ಎಲೆಕ್ಟ್ರಾನಿಕ್ ಬೋರ್ಡಿನ ಫ್ರಿಜ್ಜಿಗೆ ಇದು ಆಗದು. ಬೋರ್ಡಿಗೆ ಕರೆಂಟ್ ಬಿಟ್ಟುಬಿಟ್ಟು ಬಂದು ಅದು ಪದೇ ಪದೇ ಮೊದಲಿನಿಂದ ಶುರುವಾಗುತ್ತದೆ, ಫ್ರಿಜ್ಜು ತಣ್ಣಗಾಗುವುದೇ ಇಲ್ಲ. ಆ ಮೋಡನ್ನು ಆಫ್ ಮಾಡಿಡಿ.

ಬ್ಯಾಟರಿಯ ಲೆಕ್ಕ

ಈಗ ಕೂಡಿಸೋಣ. ಫ್ರಿಜ್ಜಿಗೆ 650, ಡಿಸಿಯನ್ನು ಎಸಿ ಮಾಡುವಾಗ ಆಗುವ ನಷ್ಟಕ್ಕೆ ಶೇಕಡಾ 10ರಂತೆ 65, ಇನ್ವರ್ಟರಿನ ಸ್ವಂತ ಪಾಲು 360; ಒಟ್ಟು ದಿನಕ್ಕೆ 1075 ವ್ಯಾಟ್-ಅವರ್. 12.8 ವೋಲ್ಟಿನ 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಇರುವುದು 1280 ವ್ಯಾಟ್-ಅವರ್, ಅದರಲ್ಲಿ ಶೇಕಡಾ 90ರಷ್ಟನ್ನು ಬಳಸಿದರೆ 1150. ಅಂದರೆ ಇಂಥದ್ದೊಂದು ಬ್ಯಾಟರಿ ಫ್ರಿಜ್ಜಿಗೆ ಒಂದೇ ದಿನಕ್ಕೆ ಸರಿಹೋಗುತ್ತದೆ. ದೀಪ, ಫ್ಯಾನು, ಮೊಬೈಲ್ ಚಾರ್ಜಿಂಗ್, ಒಂದು ದಿನದ ಮೋಡ ಇವೆಲ್ಲವನ್ನೂ ಸೇರಿಸಿಕೊಂಡರೆ 200 ಎಎಚ್ ಕನಿಷ್ಠ, 300 ಎಎಚ್ ನೆಮ್ಮದಿ.

ಮನೆಯ ಯುಪಿಎಸ್‌ಗೆ ಇಡುವ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಮೇಲ್ನೋಟಕ್ಕೆ ದೊಡ್ಡದಾಗಿ ಕಾಣುತ್ತದೆ. ಲೆಕ್ಕಕ್ಕೆ ಅದು 1800 ವ್ಯಾಟ್-ಅವರ್. ಆದರೆ ಪ್ರತಿದಿನ ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಅದರ ಆಯುಷ್ಯ ಬೇಗ ಮುಗಿಯುವುದರಿಂದ ಬಳಕೆಗೆ ಸಿಗುವುದು 900 ಮಾತ್ರ, ನಮ್ಮ ಒಂದು ದಿನಕ್ಕೂ ಸಾಲದು. ಜೊತೆಗೆ ಐವತ್ತು ಕೆಜಿಗೂ ಮಿಕ್ಕಿದ ತೂಕ, ಏರುರಸ್ತೆಯಲ್ಲಿ ಆಸಿಡ್ ತುಳುಕುವ ಭಯ, ಚಾರ್ಜಾಗುವಾಗ ಹೊರಬರುವ ಜಲಜನಕ. ಜನ ಮಲಗುವ ಜಾಗದೊಳಗೆ ಅದನ್ನು ಇಡುವುದನ್ನು ನಾನು ಒಪ್ಪುವುದಿಲ್ಲ. ಇಡಲೇಬೇಕಾದರೆ ಹೊರಗೆ ಗಾಳಿಕಿಂಡಿ ಇರುವ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಕು.

ಲಿಥಿಯಂ ಬ್ಯಾಟರಿಗೂ ತನ್ನದೇ ನಿಯಮಗಳಿವೆ. ಒಳಗಿನ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡು, ಎಷ್ಟು ಆಂಪಿಯರನ್ನು ಬಿಡುತ್ತದೆ ಎಂಬುದನ್ನು ನೋಡಬೇಕು. 50 ಆಂಪಿಯರಿನ ಬಿಎಂಎಸ್ ಇರುವ ಬ್ಯಾಟರಿಗೆ ಹಳೆಯ ಮಾದರಿಯ ಕಂಪ್ರೆಸರ್ ಜೋಡಿಸಿದರೆ, ಶುರುವಾಗುವಾಗಿನ ಎಳೆತಕ್ಕೇ ಅದು ಕಡಿದುಕೊಳ್ಳಬಹುದು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಕರ್ನಾಟಕದಲ್ಲಿ ಈ ಮಾತು ಬೇಕಾಗದಿದ್ದರೂ ಲಡಾಖ್, ಸ್ಪಿತಿಯ ಕಡೆ ಹೊರಡುವವರು ಮರೆಯಬಾರದು. ಇನ್ನೊಂದು ತುದಿಯಲ್ಲಿ, ಎಂಜಿನ್ನಿನ ಪಕ್ಕದ ಬಿಸಿಗೂ ಅದನ್ನು ಒಡ್ಡಬಾರದು.

ತಂತಿ, ಲಗ್, ಫ್ಯೂಸ್

ಮನೆಯ 230 ವೋಲ್ಟಿನ ಅಭ್ಯಾಸದಿಂದ ನೋಡುವವರಿಗೆ 12 ವೋಲ್ಟಿನ ತಂತಿಯ ದಪ್ಪ ಅತಿಯೆನಿಸುತ್ತದೆ. ಆದರೆ 1000 ವ್ಯಾಟಿನ ಕ್ಷಣಿಕ ಎಳೆತವೆಂದರೆ ನಷ್ಟವೂ ಸೇರಿ 12 ವೋಲ್ಟಿನಲ್ಲಿ 100 ಆಂಪಿಯರಿನ ಹತ್ತಿರ. ಬ್ಯಾಟರಿಯಿಂದ ಇನ್ವರ್ಟರಿಗೆ 4 ಮೀಟರ್ ದೂರವಿದ್ದು, ಹೋಗಿಬರುವ 8 ಮೀಟರಿಗೆ 16 ಸ್ಕ್ವೇರ್ ಎಂಎಂ ತಾಮ್ರದ ತಂತಿ ಹಾಕಿದರೆ, ಆ ಕ್ಷಣದಲ್ಲಿ ತಂತಿಯಲ್ಲೇ 0.9 ವೋಲ್ಟಿನಷ್ಟು ಬಿದ್ದುಹೋಗುತ್ತದೆ, ಬ್ಯಾಟರಿಯಲ್ಲಿ 12.2 ಇದ್ದರೂ ಇನ್ವರ್ಟರಿಗೆ ಕಾಣುವುದು 11.3, ಅದು ಕೂಗಲು ಶುರುಮಾಡುತ್ತದೆ. ಅದೇ ಒಂದೂವರೆ ಮೀಟರ್ ದೂರದಲ್ಲಿ 35 ಸ್ಕ್ವೇರ್ ಎಂಎಂ ತಂತಿ ಹಾಕಿದರೆ ಬೀಳುವುದು 0.15 ವೋಲ್ಟ್ ಮಾತ್ರ. ಆದ್ದರಿಂದ ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲಿರಲಿ, ಉದ್ದನೆಯ ದಾರಿಯನ್ನು 230 ವೋಲ್ಟಿನ ತೆಳ್ಳನೆಯ ತಂತಿ ಕ್ರಮಿಸಲಿ.

ಅಷ್ಟು ದಪ್ಪದ ತಂತಿಗೆ ಲಗ್, ಅಂದರೆ ತುದಿಯನ್ನು ಬೋಲ್ಟಿಗೆ ಬಿಗಿಯಲು ಬೇಕಾದ ಲೋಹದ ಕೊಂಡಿ, ಹಾಕುವ ಕೆಲಸವನ್ನು ಇಕ್ಕಳದಿಂದ ಮಾಡಲಾಗದು. ತುದಿಯ ಪ್ಲಾಸ್ಟಿಕನ್ನು ಲಗ್ಗಿನ ಕೊಳವೆಯಷ್ಟೇ ಉದ್ದಕ್ಕೆ ಬಿಡಿಸಿ, ಒಂದು ಎಳೆಯೂ ಕತ್ತರಿಸದಂತೆ ಎಲ್ಲವನ್ನೂ ಒಳಗೆ ತೂರಿಸಿ, ಹೈಡ್ರಾಲಿಕ್ ಕ್ರಿಂಪಿಂಗ್ ಉಪಕರಣದಿಂದ ಎರಡು ಕಡೆ ಒತ್ತಿಸಬೇಕು. ಒತ್ತಿದ ಮೇಲೆ ಲಗ್ಗನ್ನು ಒಂದು ಕೈಯಲ್ಲಿ, ತಂತಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಲವಾಗಿ ಎಳೆದು ತಿರುಚಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಕತ್ತರಿಸಿ ಮತ್ತೆ ಹಾಕಿಸಿ. ಸಡಿಲವಾದ ಲಗ್ಗು ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನಷ್ಟು ಸಡಿಲವಾಗುತ್ತದೆ. ವಾಹನದಲ್ಲಿ ಬೆಂಕಿ ಹುಟ್ಟುವುದು ಹೆಚ್ಚಾಗಿ ಇಂಥ ಜಾಗದಲ್ಲೇ. ಪಾಸಿಟಿವ್ ತಂತಿಗೆ ಬ್ಯಾಟರಿಯ ಟರ್ಮಿನಲ್ಲಿನಿಂದ ಒಂದು ಗೇಣಿನ ಒಳಗೆ ಫ್ಯೂಸ್ ಇರಲೇಬೇಕು. ಫ್ಯೂಸಿನ ಅಳತೆ ತಂತಿ ತಾಳುವ ಆಂಪಿಯರಿಗಿಂತ ಕಡಿಮೆಯಿರಬೇಕು. ಮೇಲೆ ಹೇಳಿದ 35 ಸ್ಕ್ವೇರ್ ಎಂಎಂ ತಂತಿಗೆ 100 ಆಂಪಿಯರ್ ಒಪ್ಪುತ್ತದೆ. ಇನ್ವರ್ಟರಿನಿಂದ ಹೊರಡುವ ಎಸಿಯ ಕಡೆಗೆ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಹೊರೆ ಹೆಚ್ಚಾದರೆ ಕಡಿಯುವ ಒಂದು ಎಂಸಿಬಿ ಹಾಕಿಸಿ, ಫ್ರಿಜ್ಜಿನ ಅರ್ಥ್ ಪಿನ್ನನ್ನು ವಾಹನದ ಚಾಸಿಗೆ ಬೆಸೆಯಿಸಬೇಕು. ಇನ್ವರ್ಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಒಂದುಗೂಡಿಲ್ಲದಿದ್ದರೆ ಆರ್‌ಸಿಸಿಬಿ ಬರೀ ಅಲಂಕಾರವಾಗಿ ಉಳಿಯುತ್ತದೆ. ಈ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸಿ, ಪರೀಕ್ಷೆಯ ಗುಂಡಿ ಒತ್ತಿ ಅದು ಕೆಳಗೆ ಬೀಳುವುದನ್ನೂ ಕಣ್ಣಾರೆ ನೋಡಿ. ಹೊರಗಿನ ಕರೆಂಟಿಗೂ ಇನ್ವರ್ಟರಿಗೂ ನಡುವೆ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಎರಡನ್ನೂ ಒಂದೇ ಸಾಲಿಗೆ ಜೋಡಿಸುವುದು ಪ್ರಾಣಾಪಾಯದ ಕೆಲಸ.

ಚಾರ್ಜಿಂಗ್

ಬ್ಯಾಟರಿ ತುಂಬಲು ಬಿಸಿಲು, ಎಂಜಿನ್ನು, ತಂಗುದಾಣದ ಕರೆಂಟು ಎಂಬ ಮೂರು ದಾರಿಗಳಿವೆ. ಚಾವಣಿಯ ಮೇಲೆ ಮಲಗಿಸಿದ 400 ವ್ಯಾಟ್ ಸೋಲಾರ್ ಪ್ಯಾನಲ್, ಬಯಲುಸೀಮೆಯ ಫೆಬ್ರವರಿ–ಮೇ ತಿಂಗಳ ಸ್ವಚ್ಛ ಬಿಸಿಲಿನಲ್ಲಿ, ನಷ್ಟಗಳನ್ನೆಲ್ಲ ಕಳೆದು, ದಿನಕ್ಕೆ 1200 ವ್ಯಾಟ್-ಅವರ್ ಆಸುಪಾಸು ಕೊಡಬಲ್ಲದು. ನಮ್ಮ ಫ್ರಿಜ್ಜಿಗೆ ಅದು ಸಾಕು. ಜುಲೈ ತಿಂಗಳಲ್ಲಿ ಆಗುಂಬೆಯ ಕಡೆ ಹೊರಟರೆ ಮಾತ್ರ ಅದರ ಕಾಲುಭಾಗವನ್ನೂ ನೆಚ್ಚಿಕೊಳ್ಳುವಂತಿಲ್ಲ. ಪ್ಯಾನಲ್ಲಿಗೂ ಬ್ಯಾಟರಿಗೂ ನಡುವಿನ ಚಾರ್ಜ್ ಕಂಟ್ರೋಲರ್, ಪ್ಯಾನಲ್ಲಿನಿಂದ ಸಿಗುವಷ್ಟನ್ನೂ ಹಿಂಡಿ ತೆಗೆಯುವ ಎಂಪಿಪಿಟಿ ಬಗೆಯದಾಗಿರಲಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್, ಬಿಚ್ಚುವಾಗ ಮೊದಲು ಪ್ಯಾನಲ್, ಆಮೇಲೆ ಬ್ಯಾಟರಿ ಎಂಬ ಕ್ರಮ ತಪ್ಪಬಾರದು.

ಪ್ಯಾನಲ್ಲಿಗೆ ಬಿಸಿಲು ಬೇಕು, ಫ್ರಿಜ್ಜಿಗೆ ನೆರಳು ಬೇಕು. ಎರಡನ್ನೂ ಒಂದೇ ವಾಹನದಲ್ಲಿ ಪಡೆಯಬೇಕಾದರೆ ಪ್ಯಾನಲ್ಲನ್ನು ಚಾವಣಿಗೆ ಅಂಟಿಸದೆ, ಗಾಳಿ ಆಡುವಂತೆ ಎರಡು ಮೂರು ಇಂಚು ಎತ್ತರಿಸಿ ಕೂರಿಸಬೇಕು. ಆಗ ಪ್ಯಾನಲ್ಲು ತಣ್ಣಗಿದ್ದು ಹೆಚ್ಚು ಕೊಡುತ್ತದೆ, ಚಾವಣಿಗೂ ಅದೇ ಚಪ್ಪರವಾಗುತ್ತದೆ.

ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನಿಂದ ಲಿಥಿಯಂ ಬ್ಯಾಟರಿಗೆ ನೇರವಾಗಿ ತಂತಿ ಎಳೆಯಬಾರದು. ಖಾಲಿಯಾದ ಲಿಥಿಯಂ ಬ್ಯಾಟರಿ ಕೊಟ್ಟಷ್ಟನ್ನೂ ಎಳೆದುಕೊಳ್ಳುವುದರಿಂದ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ನಡುವೆ ಡಿಸಿ-ಡಿಸಿ ಚಾರ್ಜರ್ ಇರಬೇಕು. 30 ಆಂಪಿಯರಿನದು ಗಂಟೆಗೆ ಸುಮಾರು 400 ವ್ಯಾಟ್-ಅವರ್ ತುಂಬುತ್ತದೆ. ಬೆಂಗಳೂರಿನಿಂದ ಚಿತ್ರದುರ್ಗದವರೆಗಿನ ಮೂರು ಗಂಟೆಯ ದಾರಿಯಲ್ಲಿ ಫ್ರಿಜ್ಜಿನ ಒಂದು ದಿನದ ಖರ್ಚು ವಾಪಸು ಬರುತ್ತದೆ. ದಿನವೂ ಊರೂರು ಸುತ್ತುವವರಿಗೆ ಸೋಲಾರಿಗಿಂತ ಇದೇ ನಂಬಿಕೆಯ ದಾರಿ, ಮಳೆಗಾಲದಲ್ಲಂತೂ ಇದೊಂದೇ ದಾರಿ. ವಾಹನದ ವ್ಯವಸ್ಥೆ 12 ವೋಲ್ಟಿನದೋ 24 ವೋಲ್ಟಿನದೋ ಎಂಬುದನ್ನು ನೋಡಿಯೇ ಚಾರ್ಜರ್ ಆರಿಸಿ. ತಂಗುದಾಣದ ಕರೆಂಟಿಗೆ ಲಿಥಿಯಂ ಹೊಂದಾಣಿಕೆಯಿರುವ ಚಾರ್ಜರ್ ಸಾಕು. ಅದನ್ನು ಇನ್ವರ್ಟರಿನ ಸಾಕೆಟ್ಟಿಗೆ ಯಾರೂ ಸಿಕ್ಕಿಸದಂತೆ ಪ್ರತ್ಯೇಕ ಪ್ಲಗ್ ಕೊಡಿ, ಇಲ್ಲವಾದರೆ ಬ್ಯಾಟರಿ ತನ್ನನ್ನೇ ತಾನು ಚಾರ್ಜ್ ಮಾಡಿಕೊಳ್ಳಲು ಹೋಗಿ ಬರಿದಾಗುತ್ತದೆ.

ಕೂರಿಸುವ ಬಗೆ

ಇಂದಿನ ಬಹಳಷ್ಟು ಫ್ರಿಜ್ಜುಗಳಲ್ಲಿ ಶಾಖ ಹೊರಹೋಗುವ ಕೊಳವೆಗಳು ಹಿಂದೆ ಕಾಣುವುದಿಲ್ಲ, ಪಕ್ಕದ ತಗಡಿನ ಒಳಗೇ ಇರುತ್ತವೆ. ಫ್ರಿಜ್ಜು ಓಡುವಾಗ ಪಕ್ಕವನ್ನು ಅಂಗೈಯಿಂದ ಮುಟ್ಟಿ ನೋಡಿದರೆ ಬೆಚ್ಚಗಿರುವ ಜಾಗ ತಿಳಿಯುತ್ತದೆ. ಅಂಥ ಫ್ರಿಜ್ಜನ್ನು ಪ್ಲೈವುಡ್ಡಿನ ಕಪಾಟಿನೊಳಗೆ ಬಿಗಿಯಾಗಿ ತೂರಿಸಿದರೆ ಶಾಖಕ್ಕೆ ದಾರಿಯೇ ಇರುವುದಿಲ್ಲ. ಎರಡೂ ಪಕ್ಕಗಳಲ್ಲಿ 5 ಸೆಂಟಿಮೀಟರ್, ಹಿಂದೆ ಮತ್ತು ಮೇಲೆ 10 ಸೆಂಟಿಮೀಟರ್ ಬಿಟ್ಟು, ಕೆಳಗೊಂದು ಮೇಲೊಂದು ಗಾಳಿಕಿಂಡಿ ಕೊಟ್ಟು, ಮೇಲಿನ ಕಿಂಡಿಗೆ ಕಂಪ್ಯೂಟರಿನಲ್ಲಿ ಬಳಸುವ 12 ವೋಲ್ಟಿನ ಚಿಕ್ಕ ಫ್ಯಾನನ್ನು ಹಾಕಿ. ಅದು ತಿನ್ನುವುದು ಎರಡು ವ್ಯಾಟ್. ಉಳಿಸುವುದು ಅದರ ಹಲವು ಪಟ್ಟು. ಇದಕ್ಕೆ ಖರ್ಚಾಗುವ ಕೆಲವು ನೂರು ರೂಪಾಯಿ ಬ್ಯಾಟರಿಗೆ ಸುರಿಯುವ ಹತ್ತಾರು ಸಾವಿರಕ್ಕಿಂತ ಎಷ್ಟೋ ಮೇಲು. ಚಾವಣಿಗೆ, ಗೋಡೆಗೆ ಶಾಖ ತಡೆಯುವ ಹಾಳೆ, ಗಾಜುಗಳಿಗೆ ಹೊರಗಿನಿಂದ ಪರದೆ ಇವೂ ಫ್ರಿಜ್ಜಿನ ವ್ಯವಸ್ಥೆಯ ಭಾಗವೆಂದೇ ತಿಳಿಯಬೇಕು.

ಫ್ರಿಜ್ಜಿನ ಮೈಗೆ ಎಲ್ಲಿಯೂ ಡ್ರಿಲ್ ಹಾಕಬಾರದು. ತಗಡಿನ ಹಿಂದೆ ಕೊಳವೆಗಳಿವೆ, ಅವುಗಳಲ್ಲಿ ಈಗ ಹೆಚ್ಚಾಗಿ ತುಂಬಿರುವುದು ಉರಿಯುವ ಸ್ವಭಾವದ ಆರ್600ಎ ಅನಿಲ. ಕಾಲುಗಳನ್ನು ಬಿಚ್ಚಿ, ಅದೇ ಬೋಲ್ಟಿನ ತೂತುಗಳಿಂದ ನೆಲಕ್ಕೆ ಬಿಗಿದ ಕಬ್ಬಿಣದ ಚೌಕಟ್ಟಿಗೆ ಕಟ್ಟಬೇಕು. ನಡುವೆ ದಪ್ಪ ರಬ್ಬರ್ ಇರಲಿ. ಮೇಲ್ಭಾಗಕ್ಕೆ ಅಗಲವಾದ ಪಟ್ಟಿ ಹಾಕಿ ವಾಹನದ ಗೋಡೆಯ ಪಕ್ಕೆಲುಬಿಗೆ ಬಿಗಿಯಬೇಕು. ಬಾಗಿಲಿಗೆ ಹೊರಗಿನಿಂದ ಅಂಟಿಸುವ ಚಿಲಕ ಬೇಕು, ಏಕೆಂದರೆ ಬಾಗಿಲಿನ ಅಂಚಿನ ರಬ್ಬರ್ ಪಟ್ಟಿಯಾದ ಗ್ಯಾಸ್ಕೆಟ್ಟಿನ ಅಯಸ್ಕಾಂತ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ತುಂಬಿದ ಬಾಗಿಲನ್ನು ಹಿಡಿದು ನಿಲ್ಲಿಸಲಾರದು. ಗಾಜಿನ ತಟ್ಟೆಗಳ ಕೆಳಗೂ ಅಂಚಿಗೂ ಫೋಮ್ ಪಟ್ಟಿ ಅಂಟಿಸಿ. ಗ್ಯಾಸ್ಕೆಟ್ ಪರೀಕ್ಷಿಸಲು ಒಂದು ಕಾಗದದ ಚೂರನ್ನು ಬಾಗಿಲಿನಲ್ಲಿ ಸಿಕ್ಕಿಸಿ ಎಳೆಯಿರಿ. ಸುತ್ತಲೂ ಎಲ್ಲಿಯಾದರೂ ಅದು ಸಲೀಸಾಗಿ ಜಾರಿ ಬಂದರೆ ತಂಪು ಅಲ್ಲಿಂದಲೇ ಸೋರುತ್ತಿದೆ.

ವಾಹನದ ರಚನೆಯಲ್ಲಿ ಬದಲಾವಣೆ ಮಾಡುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣ ಅನ್ವಯಿಸುತ್ತದೆ. ಕೆಲಸ ಶುರುಮಾಡುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯ ಕಂಪನಿಗೂ ಲಿಖಿತವಾಗಿ ತಿಳಿಸಿ.

ದಾರಿಯಲ್ಲಿ ನಡೆಸುವಾಗ

ಹೊರಡುವ ಹಿಂದಿನ ದಿನವೇ ಮನೆಯ ಕರೆಂಟಿನ ಮೇಲೆ ಫ್ರಿಜ್ಜನ್ನು ಪೂರ್ತಿ ತಣ್ಣಗೆ ಮಾಡಿಕೊಳ್ಳಬೇಕು. ಸೊಪ್ಪು, ತರಕಾರಿ, ಮೊಸರು, ದೋಸೆಹಿಟ್ಟುಗಳನ್ನು ಮನೆಯ ಫ್ರಿಜ್ಜಿನಲ್ಲಿ ತಣಿಸಿಯೇ ಸಾಗಿಸಬೇಕು. ಬಿಸಿ ಸಾರಿನ ಪಾತ್ರೆಯನ್ನು ಒಳಗಿಡುವುದೆಂದರೆ ಒಲೆಯ ಶಾಖವನ್ನು ಬ್ಯಾಟರಿಯಿಂದ ಹೊರಹಾಕಿಸಿದಂತೆ. ಹಿಟ್ಟಿನ ಡಬ್ಬಿ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ತಿರುಗಿಸಿ ಮುಚ್ಚುವ ಮುಚ್ಚಳ ಇರಬೇಕು. ಹುಳಿ ಬಂದು ಉಬ್ಬಿದ ಹಿಟ್ಟು ಗಾಳಿಯ ಒತ್ತಡಕ್ಕೆ ಉಕ್ಕಿ ತಟ್ಟೆಯ ಸಂದಿಗೆಲ್ಲ ಇಳಿದರೆ ದಾರಿಯಲ್ಲಿ ತೊಳೆಯುವುದು ಸುಲಭವಲ್ಲ.

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಲಾಭದ ಉಪಾಯವೆಂದರೆ ಹಗಲಿನ ಬಿಸಿಲನ್ನು ಮಂಜುಗಡ್ಡೆಯ ರೂಪದಲ್ಲಿ ಕೂಡಿಡುವುದು. ಮುಕ್ಕಾಲು ತುಂಬಿದ ಒಂದು ಲೀಟರಿನ ನಾಲ್ಕು ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿ ಇಡಿ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ನಾಲ್ಕರವರೆಗೆ, ಪ್ಯಾನಲ್ಲಿನಿಂದ ಕರೆಂಟ್ ಧಾರಾಳವಾಗಿ ಬರುವಾಗ, ತಂಪಿನ ಗುಂಡಿಯನ್ನು ಏರಿಸಿಡಿ, ಸಂಜೆ ಇಳಿಸಿ. ಒಂದು ಕೆಜಿ ಮಂಜುಗಡ್ಡೆ ಕರಗುವಾಗ ಸುಮಾರು 93 ವ್ಯಾಟ್-ಅವರ್ ಶಾಖವನ್ನು ಹೀರಿಕೊಳ್ಳುತ್ತದೆ. ರಾತ್ರಿ ಹೊರಗೂ ತಂಪಾಗಿ, ಬಾಗಿಲೂ ಮುಚ್ಚಿಯೇ ಇರುವುದರಿಂದ, ಎರಡು ಬಾಟಲಿಗಳನ್ನು ಮೇಲಿನ ತಟ್ಟೆಗೆ ಇಳಿಸಿ, ಹನ್ನೊಂದರಿಂದ ಬೆಳಗಿನ ಐದರವರೆಗೆ ಇನ್ವರ್ಟರನ್ನೇ ಆಫ್ ಮಾಡಿ ಮಲಗಬಹುದು. ಆ ಆರು ಗಂಟೆಯಲ್ಲಿ ಫ್ರಿಜ್ಜಿನ ಪಾಲಿನ ಜೊತೆಗೆ ಇನ್ವರ್ಟರಿನ ಸ್ವಂತ ಪಾಲೂ ಉಳಿಯುತ್ತದೆ. ಹೀಗೆ ಮಾಡುವವರು ಒಳಗೊಂದು ಥರ್ಮಾಮೀಟರ್ ಇಟ್ಟು, ಬೆಳಿಗ್ಗೆ ತೆಗೆದ ತಕ್ಷಣ ನೋಡಬೇಕು. ಹಾಲು, ಮೊಸರು, ಬೇಯಿಸಿದ ಅಡುಗೆ ಇರುವ ಕಡೆ 5 ಡಿಗ್ರಿ ಮೀರಿರಬಾರದು. ಮೀರಿದರೆ ಆಫ್ ಇಡುವ ಅವಧಿಯನ್ನು ಕಡಿಮೆ ಮಾಡಿ. ಮೀನು, ಮಾಂಸ ಇಟ್ಟುಕೊಂಡಿದ್ದರೆ ಈ ಉಪಾಯ ಬೇಡ.

ಆಫ್ ಮಾಡಿದ ಫ್ರಿಜ್ಜನ್ನು ತಕ್ಷಣ ಆನ್ ಮಾಡಬಾರದು. ಕೊಳವೆಯೊಳಗಿನ ಒತ್ತಡ ಸಮನಾಗಲು ಐದು ನಿಮಿಷವಾದರೂ ಬೇಕು. ಅದಕ್ಕೆ ಮುಂಚೆ ಶುರುವಾಗಲು ಹೆಣಗುವ ಸಾಮಾನ್ಯ ಕಂಪ್ರೆಸರ್ ಭಾರೀ ಕರೆಂಟ್ ಎಳೆದು, ಓವರ್‌ಲೋಡ್ ಬಿದ್ದು, ಟಿಕ್ಕೆಂದು ನಿಲ್ಲುತ್ತದೆ. ಬ್ಯಾಟರಿ ಇಳಿದಾಗ ಇನ್ವರ್ಟರ್ ಕಡಿದುಕೊಂಡು, ಹೊರೆ ಇಳಿದದ್ದರಿಂದ ವೋಲ್ಟೇಜ್ ಮತ್ತೆ ಏರಿ, ಮತ್ತೆ ಆನ್ ಆಗಿ, ಮತ್ತೆ ಕಡಿದುಕೊಳ್ಳುವ ಸರಣಿ ಕಂಪ್ರೆಸರಿಗೆ ಅತ್ಯಂತ ಹಾನಿಕರ. ಆದ್ದರಿಂದ ಕಡಿಯುವ ಮಟ್ಟವನ್ನು ಲಿಥಿಯಂಗೆ 12.0 ವೋಲ್ಟಿಗೂ, ಮತ್ತೆ ಆನ್ ಆಗುವ ಮಟ್ಟವನ್ನು 13 ವೋಲ್ಟಿಗಿಂತ ಮೇಲಕ್ಕೂ ಇಡಿ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ನಡುವಿನ ಬಹುಭಾಗದಲ್ಲಿ ಹೆಚ್ಚು ಬದಲಾಗದಿರುವುದರಿಂದ ಎಷ್ಟು ಉಳಿದಿದೆ ಎಂಬುದನ್ನು ವೋಲ್ಟ್ ಮೀಟರಿನಿಂದ ತಿಳಿಯಲಾಗದು. ನೆಗೆಟಿವ್ ತಂತಿಯಲ್ಲಿ ಷಂಟ್ ಎಂಬ, ಹರಿಯುವ ಕರೆಂಟನ್ನು ಅಳೆಯುವ ತುಣುಕನ್ನು ಕೂರಿಸಿ, ಒಳಹೋದದ್ದನ್ನೂ ಹೊರಬಂದದ್ದನ್ನೂ ಎಣಿಸುವ ಬ್ಯಾಟರಿ ಮಾನಿಟರ್ ಇದ್ದರೇ ಸರಿ.

ಕರೆಂಟ್ ಪೂರ್ತಿ ನಿಂತುಹೋದ ದಿನ ಬಾಗಿಲನ್ನು ತೆಗೆಯದೆ ಇಟ್ಟರೆ ಸುಮಾರು ನಾಲ್ಕು ಗಂಟೆ ಒಳಗಿನ ಆಹಾರ ಸುರಕ್ಷಿತ. ಅಷ್ಟರೊಳಗೆ ಎಂಜಿನ್ ಶುರುಮಾಡಿಯೋ ಪ್ಲಗ್ ಹುಡುಕಿಯೋ ವ್ಯವಸ್ಥೆ ಮಾಡಿ, ಅದು ಆಗದಿದ್ದರೆ ನಂದಿನಿ ಹಾಲಿನ ಪ್ಯಾಕೆಟ್ಟುಗಳನ್ನು ಕಾಯಿಸಿಬಿಡಿ.

ಕರಾವಳಿಯ ತೇವದಲ್ಲಿ ಫ್ರೀಜರಿನ ಹಿಮ ಬೇಗ ದಪ್ಪವಾಗುತ್ತದೆ. ಅರ್ಧ ಸೆಂಟಿಮೀಟರ್ ದಾಟುವ ಮೊದಲೇ, ಬೆಳಗಿನ ಹೊತ್ತು, ಕರಗಿಸಿ ಒರೆಸಿ. ಚಾಕುವಿನಿಂದ ಕೆರೆಯಬೇಡಿ, ತೂತು ಬಿದ್ದರೆ ಅನಿಲ ಸೋರುತ್ತದೆ. ಹೊಸ ಜೋಡಣೆಯಾದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಓಡಿಸಿ, ಮುಖ್ಯ ಸ್ವಿಚ್ ಆಫ್ ಮಾಡಿ, ಪ್ರತಿಯೊಂದು ಲಗ್ಗಿನ ನಟ್ಟನ್ನೂ ಚೌಕಟ್ಟಿನ ಬೋಲ್ಟನ್ನೂ ಸ್ಪ್ಯಾನರಿನಿಂದ ಮತ್ತೆ ಬಿಗಿಮಾಡಿ. ಪ್ರವಾಸ ಮುಗಿಸಿ ವಾಹನವನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಫ್ರಿಜ್ಜನ್ನು ಒಣಗಿಸಿ ಬಾಗಿಲಿಗೆ ಒಂದು ಬಟ್ಟೆಯ ಸುರುಳಿ ಸಿಕ್ಕಿಸಿ, ಇನ್ವರ್ಟರಿನ ತಂತಿಯನ್ನು ಮುಖ್ಯ ಸ್ವಿಚ್ಚಿನಲ್ಲಿ ಕಡಿದು, ಲಿಥಿಯಂ ಬ್ಯಾಟರಿಯನ್ನು ಅರ್ಧದಷ್ಟು ತುಂಬಿದ ಸ್ಥಿತಿಯಲ್ಲಿ ನೆರಳಿನಲ್ಲಿ ಬಿಡಿ.